ಕೊಟ್ರೇಶಣ್ಣನ ಡಿಸ್ಕ್ ಕೆಟ್ಟಿರಲಿಲ್ಲ

ಹಗರಿಬೊಮ್ಮನಹಳ್ಳಿಯ ಕೊಟ್ರೇಶಣ್ಣ ಮಾರಿದ ಕಂಪ್ಯೂಟರ್ ಡಿಸ್ಕ್ ಕೆಟ್ಟಿದೆ ಎಂದು ನಾನು ಹೇಳಿದ್ದು ಸುಳ್ಳು. ಮೊದಲ ಸಲ ಹೇಳಿದಾಗ ನನಗೆ ಗೊತ್ತಿರಲಿಲ್ಲ — ಅದನ್ನು ಬೇಕಾದರೆ ದುಡುಕು ಎನ್ನಿ. ಎರಡನೆಯ ಸಲ ಹೇಳಿದಾಗ ಗೊತ್ತಿತ್ತು. ಮೂರನೆಯ ಸಲವಂತೂ ಚೆನ್ನಾಗಿಯೇ ಗೊತ್ತಿತ್ತು, ಆದರೂ ಹೇಳಿದೆ. ಆ ಮಾತಿನಿಂದ ಒಬ್ಬ ಮನುಷ್ಯನ ಅಂಗಡಿಯೇ ಮುಚ್ಚಿತು. ನಾನು ಇಷ್ಟು ವರ್ಷ ಆರಾಮಾಗಿ ಉಂಡುಟ್ಟು ಓಡಾಡಿಕೊಂಡಿದ್ದೆ.

ನಾನು ಹೆಮ್ಮೆಯ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ತಪ್ಪೊಪ್ಪಿಗೆಯ ನಡುವೆಯೂ ನನ್ನ ಹೆಮ್ಮೆ ಅಲ್ಲಲ್ಲಿ ತಲೆ ಹಾಕುತ್ತದೆ, ಅದನ್ನು ಅದುಮಿಡಲು ನನಗೆ ಬರುವುದಿಲ್ಲ. ಕೂಡ್ಲಿಗಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದ ಮೊದಲ ಹೆಂಗಸು ನಾನು. ಹೊಸದರಲ್ಲಿ ಬಂದವರೆಲ್ಲ ಒಳಗೆ ಇಣುಕಿ, "ಯಜಮಾನ್ರು ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. ನಮ್ಮ ಯಜಮಾನರು ಸಮಾಜ ವಿಜ್ಞಾನದ ಮೇಷ್ಟ್ರು. ಬಲ್ಬು ಬದಲಿಸಲೂ ನನ್ನನ್ನೇ ಕೂಗುವವರು. "ನಾನ ಯಜಮಾನಿ, ಏನಾಗೈತಿ ಹೇಳ್ರಿ" ಎನ್ನುತ್ತಿದ್ದೆ. ಹೀಗೆ ಹೇಳಿ ಹೇಳಿಯೇ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ — ಐದೂ ತಾಲ್ಲೂಕಿನಲ್ಲಿ ಹೆಸರು ಮಾಡಿದೆ. ಬೇರೆಯವರು ಕೈಚೆಲ್ಲಿದ ಯಂತ್ರ ನನ್ನಲ್ಲಿಗೆ ಬರುತ್ತಿತ್ತು. ಈಗಲೂ ಬರುತ್ತದೆ.

ಆ ದಿನಗಳಲ್ಲಿ ನನ್ನನ್ನು ಹೆಂಗಸೆಂದು ಅಳೆಯದೆ, ಕೆಲಸದಿಂದ ಅಳೆದವನು ಕೊಟ್ರೇಶಣ್ಣ. ಹಗರಿಬೊಮ್ಮನಹಳ್ಳಿಯಲ್ಲಿ ಅವನದು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ. ನನಗಿಂತ ಹತ್ತು ವರ್ಷ ದೊಡ್ಡವನು, ಒಡಹುಟ್ಟಿದವನಲ್ಲ, ನೆಂಟನೂ ಅಲ್ಲ. ಮೊದಲ ದಿನವೇ "ಏನು ಬೇಕು ತಂಗಿ?" ಎಂದ, ಅಲ್ಲಿಂದ ತಂಗಿಯೇ ಆದೆ. ಅವನಿಗೂ ನನ್ನಷ್ಟೇ ಹೆಮ್ಮೆ; ಆದರೆ ಅವನ ಹೆಮ್ಮೆ ಬೇರೆ ಜಾತಿಯದು. "ನಾ ಕೊಟ್ಟ ಸಾಮಾನು ಇವತ್ತಿನ ತನಕ ವಾಪಸ್ ಬಂದಿಲ್ಲ" — ಇದೊಂದೇ ಮಾತು. ಅಂಗಡಿಗೆ ಬೋರ್ಡು ಬರೆಸಿರಲಿಲ್ಲ. ಆ ಮಾತೇ ಬೋರ್ಡು.

ಈಗ ಪಂಪಣ್ಣನ ಪ್ರೆಸ್ಸಿನ ವಿಚಾರ. ಕೊಟ್ಟೂರಿನಲ್ಲಿ ಲಗ್ನಪತ್ರಿಕೆ, ಕರಪತ್ರ, ಪುಸ್ತಕ ಅಚ್ಚು ಹಾಕುವ ಪಂಪಣ್ಣ ಹಳೆಯ ಕಾಲದ ಮನುಷ್ಯ. ಅವನ ಪುಟ ಜೋಡಿಸುವ ಕನ್ನಡ ತಂತ್ರಾಂಶವೂ ಹಳೆಯ ಕಾಲದ್ದೇ. ಹೊಸ ಕಂಪ್ಯೂಟರಿನಲ್ಲಿ ಅದು ಜಪ್ಪಯ್ಯ ಎಂದರೂ ತೆರೆದುಕೊಳ್ಳುತ್ತಿರಲಿಲ್ಲ. ಬಿಡೋಣವೆಂದರೆ ಅವನ ಅಕ್ಷರಗಳೆಲ್ಲ ಅದರಲ್ಲೇ. ಆಗ ನಾನು ಹೊಸ ಯಂತ್ರದೊಳಗೆ ಒಂದು ಹಳೆಯ ಯಂತ್ರವನ್ನು ಕೂರಿಸಿಕೊಟ್ಟೆ. ವರ್ಚುವಲ್ ಮಷೀನ್ ಎನ್ನುತ್ತಾರೆ. ಕಣ್ಣಿಗೆ ಕಾಣುವ ಕಂಪ್ಯೂಟರ್ ಒಂದೇ. ಅದರ ತೆರೆಯ ಮೇಲೆ ಒಂದು ಕಿಟಕಿ, ಆ ಕಿಟಕಿಯೊಳಗೆ ಹಳೆಯ ಕಂಪ್ಯೂಟರ್. ಒಳಗಿನ ಯಂತ್ರ ತನಗೂ ಒಂದು ಡಿಸ್ಕ್ ಇದೆ ಎಂದು ನಂಬಿರುತ್ತದೆ. ನಿಜಕ್ಕೂ ಅದು ಹೊರಗಿನ ಡಿಸ್ಕಿನ ಮೇಲಿರುವ ಒಂದು ದೊಡ್ಡ ಫೈಲು — ಡಿಸ್ಕ್ ಇಮೇಜ್. ಹಳೆಯ ಅಕ್ಷರಗಳು ಆ ಕಿಟಕಿಯೊಳಗೆ ಮೂಡಿದಾಗ ಪಂಪಣ್ಣ ಕೈಮುಗಿದುಬಿಟ್ಟ. ಆವತ್ತು ನಾನು ಬಸ್ಸಿನಲ್ಲಿ ಊರಿಗೆ ಮರಳಿದ್ದು ನೆನಪಿಲ್ಲ; ಹಾರಿಕೊಂಡೇ ಬಂದಿರಬೇಕು.

ಕರೆಂಟು ಹೋಗಿ ಕೆಲಸ ಕೆಡಬಹುದೆಂದು ಅವನಿಗೆ ಇನ್ನೊಂದು ಉಪಾಯ ಕಲಿಸಿದೆ — ಸ್ನ್ಯಾಪ್‌ಶಾಟ್. ಒಳಗಿನ ಯಂತ್ರ ಈ ಕ್ಷಣದಲ್ಲಿ ಹೇಗಿದೆಯೋ ಹಾಗೇ ಗುರುತಿಟ್ಟುಕೊಳ್ಳುವ ಗುಂಡಿ. ಮುಂದೆ ಏನಾದರೂ ಕೆಟ್ಟರೆ ಆ ಗುರುತಿಗೆ ಹಿಂತಿರುಗಬಹುದು. ಪಂಪಣ್ಣನಿಗೆ ಇದು ಬಹಳ ಹಿಡಿಸಿತು. "ಅಂದ್ರ ದೃಷ್ಟಿ ತೆಗದಂಗ ಅನ್ರಿ ಮೇಡಂ!" ಎಂದ. ನಾನು ನಕ್ಕು ಹೌದೆಂದೆ. ಎಡವಟ್ಟಾದದ್ದು ಅಲ್ಲೇ ನೋಡಿ. ನಮ್ಮ ಕಡೆ ಅಮಾವಾಸ್ಯೆಗೆ ಯಂತ್ರಗಳಿಗೆ ಪೂಜೆ ಮಾಡುತ್ತಾರೆ — ವಿಭೂತಿ ಹಚ್ಚಿ, ನಿಂಬೆಹಣ್ಣು ಕೊಯ್ದು, ಕಾಯಿ ಒಡೆಯುತ್ತಾರೆ. ಪಂಪಣ್ಣ ಆ ಪೂಜೆಗೆ ಸ್ನ್ಯಾಪ್‌ಶಾಟನ್ನೂ ಸೇರಿಸಿಕೊಂಡ. ಕೆಲವು ತಿಂಗಳಾದ ಮೇಲೆ ಅಮಾವಾಸ್ಯೆಗೊಂದು ಸಾಲದೆ, ದಿನಾ ಬೆಳಿಗ್ಗೆ ಊದಿನಕಡ್ಡಿ ಹಚ್ಚಿದ ಕೈಯಿಂದಲೇ ಆ ಗುಂಡಿ ಒತ್ತತೊಡಗಿದ. ಗುರುತು ಇಡುವುದನ್ನು ನಾನು ಕಲಿಸಿದ್ದೆ. ಹಳೆಯ ಗುರುತುಗಳನ್ನು ಆಗಾಗ ಅಳಿಸಬೇಕೆಂಬುದನ್ನು — ಕಲಿಸಲಿಲ್ಲ. ಮರೆತೆ.

ಇಟ್ಟಿಗಿಯ ಶಾಲೆಯೊಂದರ ಹಳೆಯ ವಿದ್ಯಾರ್ಥಿಗಳು ಸ್ಮರಣ ಸಂಚಿಕೆ ಅಚ್ಚಿಗೆ ಕೊಟ್ಟಿದ್ದರು. ರಾಶಿ ಫೋಟೊಗಳು. ಹೊರಗಿನ ಯಂತ್ರದಿಂದ ಒಳಗಿನ ಯಂತ್ರಕ್ಕೆ ಅವನ್ನು ನಕಲು ಮಾಡಬೇಕಿತ್ತು. ಆ ನಕಲು ಮುಂದಕ್ಕೇ ಹೋಗುತ್ತಿರಲಿಲ್ಲ. ಪಂಪಣ್ಣ ಫೋನ್ ಮಾಡಿ ಕರೆಸಿದ. ನಾನು ಹೋದಾಗ ಇಟ್ಟಿಗಿಯಿಂದ ಬಂದವರು, ಪ್ರೆಸ್ಸಿನ ಕೆಲಸದವರು, ಎಲ್ಲರೂ ನನ್ನ ಕುರ್ಚಿಯ ಹಿಂದೆ ಸಾಲುಗಟ್ಟಿ ನಿಂತರು. ನಕಲು ಎಷ್ಟಾಯಿತೆಂದು ತೋರಿಸುವ ತೆರೆಯ ಮೇಲಿನ ಹಸಿರು ಪಟ್ಟಿ ಅಲ್ಲೇ ಮಲಗಿತ್ತು. ಪಂಪಣ್ಣ ಮೆತ್ತಗೆ ಕೇಳಿದ:

"ನೀವು ಮಾಡಿಕೊಟ್ಟಿದ್ರಾಗ ಏನರ ತಪ್ಪಾಗೈತೇನ್ರಿ ಮೇಡಂ?"

ಬರೀ ಪ್ರಶ್ನೆ. ಆದರೆ ಅಷ್ಟು ಜನರ ಮುಂದೆ ನನಗೆ ಮೈಯೆಲ್ಲ ಉರಿಯಿತು. ಒಂದು ಗುಂಡಿಯನ್ನೂ ಒತ್ತಿ ನೋಡದೆ ಹೇಳಿದೆ:

"ನಾ ಮಾಡಿದ್ರಾಗ ಏನೂ ಇಲ್ಲ. ಡಿಸ್ಕ್ ಕೆಟ್ಟೈತಿ. ಯಾರ ಕಡೆ ತಗೊಂಡ್ರಿ ಇದನ್ನ?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಯಾರ ಕಡೆ ತಗೊಂಡದ್ದೆಂದು ನನಗೆ ಗೊತ್ತಿತ್ತು. ಕೊಟ್ರೇಶಣ್ಣನ ಹತ್ತಿರವೇ ತೆಗೆದುಕೊಳ್ಳಿ ಎಂದು ಕಳಿಸಿದವಳೂ ನಾನೇ. ಪಂಪಣ್ಣ ಆಗಲೇ ಅವನಿಗೆ ಫೋನ್ ಹಚ್ಚಿದ. ಆಮೇಲೆ ಅವನೂ ಉಳಿದವರೂ ಊಟಕ್ಕೆ ಹೋದರು.

ಒಬ್ಬಳೇ ಕೂತ ಮೇಲೆ ಕೆಲಸ ಶುರು ಮಾಡಿದೆ. ಅದೇ ಫೋಟೊಗಳನ್ನು ಹೊರಗಿನ ಡಿಸ್ಕಿನ ಮೇಲೆಯೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡಿದೆ. ತಂದಿಟ್ಟ ಚಹಾ ಆರುವುದರೊಳಗೆ ಮುಗಿಯಿತು. ಅಂದರೆ ಡಿಸ್ಕ್ ಚೆನ್ನಾಗಿದೆ. ಒಳಗಿನ ಯಂತ್ರಕ್ಕೆ ನಕಲು ಮಾಡಿದೆ, ಮತ್ತೆ ತೆವಳಿತು. ಹಾಗಾದರೆ ದೋಷ ದಾರಿಯಲ್ಲಿರಬೇಕು, ಇಲ್ಲವೇ ಒಳಗಿರಬೇಕು. ವೈರಸ್ ತಡೆಯುವ ತಂತ್ರಾಂಶವನ್ನು ಸ್ವಲ್ಪ ಹೊತ್ತು ನಿಲ್ಲಿಸಿದೆ, ಏನೂ ಬದಲಾಗಲಿಲ್ಲ. ಎರಡೂ ಯಂತ್ರಗಳು ಹಂಚಿಕೊಂಡ ಫೋಲ್ಡರಿನ ದಾರಿ ಬಿಟ್ಟು ಒಳಗಿನ ನೆಟ್‌ವರ್ಕ್ ದಾರಿ ಹಿಡಿದೆ. ಆಗಲೂ ಅದೇ ನಡಿಗೆ. ಕೊನೆಗೆ ಡಿಸ್ಕ್ ಇಮೇಜ್ ಇರುವ ಜಾಗವನ್ನೇ ತೆರೆದೆ.

ಒಂದು ಫೈಲು ಇರಬೇಕಾದಲ್ಲಿ ಪುಟಗಟ್ಟಲೆ ಫೈಲು. ಪ್ರತಿ ಊದಿನಕಡ್ಡಿಗೊಂದು. ಗೋಡೆಗೆ ವರ್ಷವರ್ಷ ಸುಣ್ಣ ಬಳಿದಂತೆ ಒಂದರ ಮೇಲೊಂದು ಪದರ. ಏನು ಓದಬೇಕಾದರೂ ಒಳಗಿನ ಯಂತ್ರ ಮೇಲಿನ ಪದರದಿಂದ ಕೆಳಗಿನವರೆಗೆ ಹುಡುಕಿಕೊಂಡು ಹೋಗಬೇಕು. ಏನು ಬರೆಯಬೇಕಾದರೂ ಮೊದಲು ಮೇಲಿನ ಪದರದಲ್ಲಿ ಜಾಗ ಮಾಡಿಕೊಳ್ಳಬೇಕು. ಬಡಪಾಯಿ ಯಂತ್ರ ಇನ್ನೇನು ಮಾಡೀತು? ತಪ್ಪು ಡಿಸ್ಕಿನದಲ್ಲ, ಪಂಪಣ್ಣನದೂ ಅಲ್ಲ. ನನ್ನದು. ಅರ್ಧ ಪಾಠ ಕಲಿಸಿದವಳದು.

ಇದು ಗೊತ್ತಾದ ಹೊತ್ತಿಗೆ ಸರಿಯಾಗಿ ಹೊರಗೆ ಬೈಕು ನಿಂತಿತು. ಕೊಟ್ರೇಶಣ್ಣ ಒಳಗೆ ಬಂದ. ಬಿಸಿಲಲ್ಲಿ ಬಂದವನು ನೀರು ಕೂಡ ಕೇಳಲಿಲ್ಲ. ನಾವಿಬ್ಬರೇ ಇದ್ದೆವು.

"ಖರೇ ಹೇಳು ತಂಗಿ, ಡಿಸ್ಕ್ ಕೆಟ್ಟೈತೇನು?"

ಹೇಳಬಹುದಿತ್ತು. ಅವನೊಬ್ಬನಿಗೇ ಹೇಳಿದ್ದರೂ ಸಾಕಿತ್ತು — ನಕ್ಕುಬಿಡುತ್ತಿದ್ದ, ಪಂಪಣ್ಣನ ಊದಿನಕಡ್ಡಿಯ ಕಥೆಯನ್ನು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದ. ಆದರೆ ಹೊರಗೆ ಊಟ ಮುಗಿಸಿ ಬರುತ್ತಿದ್ದವರ ಮಾತು ಕೇಳಿಸಿತು. ಮೇಡಂ ತಪ್ಪು ಹೇಳಿದರಂತೆ ಎಂದು ಅವರೆಲ್ಲ ಇಟ್ಟಿಗಿಗೆ ಹೋಗಿ ಹೇಳುತ್ತಾರೆ —

"ಹೌದಣ್ಣ. ಕೆಟ್ಟೈತಿ" ಎಂದೆ.

ಪಂಪಣ್ಣ ಬಂದೊಡನೆ ಕೊಟ್ರೇಶಣ್ಣ ಎಲ್ಲರ ಮುಂದೆ ಕೈಮುಗಿದು, "ತಪ್ಪಾತ್ರಿ, ನನ್ನ ಅಂಗಡಿ ಸಾಮಾನು ಹಿಂಗಾಗಬಾರದಿತ್ತು" ಎಂದು ಡಿಸ್ಕಿನ ಹಣ ಕೊಟ್ಟು ಹೋದ. ಕೈಮುಗಿಯಬೇಕಾದವಳು ಪಕ್ಕದಲ್ಲೇ ಕುರ್ಚಿಯ ಮೇಲೆ ಕೂತಿದ್ದೆ.

ಸಂಜೆಯೊಳಗೆ ಎಲ್ಲ ಸರಿ ಮಾಡಿದೆ. ಆ ಪದರಗಳನ್ನೆಲ್ಲ ಒಂದರೊಳಗೊಂದು ಸೇರಿಸಿ ಒಂದೇ ಫೈಲು ಮಾಡಿದೆ. ಬೆಳೆಯುತ್ತ ಹೋಗುವ ಇಮೇಜನ್ನು ಮೊದಲೇ ಪೂರ್ತಿ ಜಾಗ ಹಿಡಿದಿಟ್ಟುಕೊಳ್ಳುವ ಇಮೇಜಾಗಿ ಬದಲಿಸಿದೆ. ಹಸಿರು ಪಟ್ಟಿ ಈ ತುದಿಯಿಂದ ಆ ತುದಿಗೆ ಓಡಿತು. ಅದು ಚೊಕ್ಕ ಕೆಲಸ — ಇವತ್ತಿಗೂ ಹೇಳುತ್ತೇನೆ, ಅಂಥ ಚೊಕ್ಕ ಕೆಲಸವನ್ನು ಈ ಐದು ತಾಲ್ಲೂಕಿನಲ್ಲಿ ಇನ್ನೊಬ್ಬರು ಮಾಡುತ್ತಿರಲಿಲ್ಲ. ಆದರೆ ಆ ಚೊಕ್ಕ ಕೆಲಸವನ್ನು ಕೊಟ್ರೇಶಣ್ಣನ ಡಿಸ್ಕಿನ ಮೇಲೆ ಮಾಡಲಿಲ್ಲ. ಇನ್ನೊಬ್ಬ ಗಿರಾಕಿಗೆಂದು ಚೀಲದಲ್ಲಿಟ್ಟುಕೊಂಡಿದ್ದ ಬೇರೆ ಡಿಸ್ಕನ್ನು ಹಾಕಿ ಅದರ ಮೇಲೆ ಮಾಡಿದೆ. ಡಿಸ್ಕ್ ಬದಲಿಸಿದ್ದಕ್ಕೇ ಸರಿಹೋಯಿತು ಎಂದು ಕಂಡವರೆಲ್ಲ ನಂಬಬೇಕಿತ್ತಲ್ಲ. "ಇನ್ನ ಮ್ಯಾಲ ದಿನಾ ಗುರುತು ಇಡಬ್ಯಾಡ್ರಿ, ಹೊಸ ಡಿಸ್ಕಿಗೆ ಅದು ಬೇಕಾಗಂಗಿಲ್ಲ" ಎಂದು ಪಂಪಣ್ಣನಿಗೂ ಹೇಳಿದೆ. ಇಟ್ಟಿಗಿಯವರು ಚಪ್ಪಾಳೆ ತಟ್ಟಿದರು. ಆ 'ಕೆಟ್ಟ' ಡಿಸ್ಕನ್ನು ನಾನೇ ಮನೆಗೆ ತಂದೆ. ನನ್ನ ಸ್ವಂತ ಕಂಪ್ಯೂಟರಿಗೆ ಹಾಕಿಕೊಂಡೆ. ಇಂದಿನವರೆಗೂ ಅದು ಒಮ್ಮೆಯೂ ತಕರಾರು ಮಾಡಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಒಂದು ಡಿಸ್ಕಿನ ಸುಳ್ಳಾಗಿ ಉಳಿಯುತ್ತಿತ್ತೇನೋ. ಕೊಟ್ರೇಶಣ್ಣ ಬೇರೆಯವನಾಗಿದ್ದರೆ ಮುಗಿದೂ ಹೋಗುತ್ತಿತ್ತು. ವಾರದ ಮೇಲೆ ಅವನ ಫೋನ್ ಬಂತು. ಅದರ ಜೊತೆಗೇ ತರಿಸಿದ್ದ ಅದೇ ಲಾಟಿನ ಇನ್ನೊಂದು ಡಿಸ್ಕನ್ನು ಪರೀಕ್ಷೆಗೆ ಹಾಕಿದ್ದನಂತೆ.

"ಇದ್ರಾಗ ಏನೂ ಕಾಣವಲ್ದು ತಂಗಿ. ನಿನಗ ಹೆಂಗ ಗೊತ್ತಾತು?"

ಮೂರನೆಯ ಸಲ ಎಂದೆನಲ್ಲ, ಇದೇ. ಬಾಗಿಲು ತಾನಾಗಿಯೇ ತೆರೆದಿತ್ತು. ನಾನು ಮುಚ್ಚಿದೆ.

"ಹೊರಗ ಕಾಣಂಗಿಲ್ಲಣ್ಣ. ಭಾರ ಬಿದ್ದಾಗ ಗೊತ್ತಾಗತೈತಿ."

"ಹಂಗಾರ ಎಲ್ಲಾವೂ ಹಂಗ ಅನ್ನು" ಎಂದು ಫೋನ್ ಇಟ್ಟ.

ಆಮೇಲೆ ಅವನು ಮಾಡಿದ್ದನ್ನು ನಾನು ಅವರಿವರ ಬಾಯಿಂದ ಕೇಳಿದೆ. ಆ ಲಾಟಿನ ಡಿಸ್ಕ್ ಯಾರ್ಯಾರಿಗೆ ಮಾರಿದ್ದನೋ ಅವರೆಲ್ಲರ ಮನೆಗೆ, ಅಂಗಡಿಗೆ ತಾನೇ ಹೋದ. ಹೊಸಹಳ್ಳಿ, ತೆಲಿಗಿ, ಹಡಗಲಿ — ಯಾರೂ ಕೇಳಿರಲಿಲ್ಲ, ಯಾರೂ ದೂರಿರಲಿಲ್ಲ. ಹಳೆಯದನ್ನು ಬಿಚ್ಚಿಕೊಂಡು, ಬೇರೆ ಕಡೆಯಿಂದ ಕೊಂಡು ತಂದ ಡಿಸ್ಕನ್ನು ಪುಕ್ಕಟೆ ಹಾಕಿಕೊಟ್ಟ. ಬಿಚ್ಚಿ ತಂದವನ್ನು ಸಗಟು ವ್ಯಾಪಾರಿ ವಾಪಸು ತೆಗೆದುಕೊಳ್ಳಲಿಲ್ಲ. ಮತ್ತೊಬ್ಬರ ಕೈಗೆ ಹೋಗಬಾರದೆಂದು ಅಂಗಡಿಯ ಮುಂದೆ ಕೂತು ಒಂದೊಂದನ್ನೂ ಸುತ್ತಿಗೆಯಿಂದ ಒಡೆದನಂತೆ. ಅವನ ಗಂಟು ಕರಗಿತು. ಅದಕ್ಕಿಂತ ಹೆಚ್ಚಾಗಿ, ಅಂಗಡಿಯವನೇ ಬಂದು ತನ್ನ ಸಾಮಾನು ಕೆಟ್ಟದ್ದೆಂದು ಹೇಳಿದ ಮೇಲೆ ಜನ ಇನ್ನೇನು ಅಂದುಕೊಂಡಾರು? ಗಿರಾಕಿಗಳು ಬೇರೆ ಕಡೆ ಹೋದರು. ಅಂಗಡಿ ಮುಚ್ಚಿ ಹರಪನಹಳ್ಳಿಯಲ್ಲಿ ಹನಿ ನೀರಾವರಿ ಪೈಪು ಮಾರುವವರ ಬಳಿ ಕೆಲಸಕ್ಕೆ ಸೇರಿದ.

ಇದನ್ನು ಕೇಳಿದಾಗಲೂ ನಾನು ಸುಮ್ಮನಿದ್ದೆ. ಕಾರಣ ಹುಡುಕುವುದಿಲ್ಲ. ಸುಮ್ಮನಿದ್ದೆ, ಅಷ್ಟೇ.

ಹೋದ ವರ್ಷ ಹಡಗಲಿಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಯಾರೋ "ತಂಗಿ" ಎಂದರು. ತಿರುಗಿದರೆ ಕೊಟ್ರೇಶಣ್ಣ. ಕೂದಲು ನೆರೆತಿತ್ತು, ನಗು ಅದೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ ನಾನು ಯಾರೂ ಏನೂ ಅನ್ನುವ ಮೊದಲೇ ಬೆವರಿದೆ. ಅವನು ತನ್ನ ಪಕ್ಕದವರಿಗೆಲ್ಲ ನನ್ನನ್ನು ತೋರಿಸಿದ:

"ಈಕಿ ನಮ್ಮ ತಂಗಿ ನೋಡ್ರಿ. ನನ್ನ ಡಿಸ್ಕ್ ಕೆಟ್ಟಿದ್ದು ಕಂಡುಹಿಡಿದಾಕಿ ಈಕಿನ. ಅಣ್ಣ ಅಂತ ಮುಲಾಜು ನೋಡ್ಲಿಲ್ಲ, ನನ್ನ ಮುಖದ ಮ್ಯಾಲ ಖರೇ ಹೇಳಿದ್ಲು. ಇಂಥಾ ಗಟ್ಟಿಗಿತ್ತಿ ನಮ್ಮ ಐದು ತಾಲ್ಲೂಕಿನ್ಯಾಗ ಇಲ್ಲ!"

ಅವನ ದನಿಯಲ್ಲಿ ಹೆಮ್ಮೆ ಇತ್ತು. ನನ್ನ ಬಗ್ಗೆ. ಎಲೆಯ ಮೇಲಿನ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟೆ. ಜೀವಮಾನವೆಲ್ಲ ನಾನು ಆಸೆಪಟ್ಟದ್ದು ಅದೇ ಹೊಗಳಿಕೆ. ಅದು ಸಿಕ್ಕಾಗ ಎದ್ದು ಓಡಿಹೋಗಬೇಕೆನ್ನಿಸಿತು.

ಹರಪನಹಳ್ಳಿಗೆ ಹೋಗಲು ಆಮೇಲೂ ಬಹಳ ತಡ ಮಾಡಿದೆ. ಹೋದದ್ದು ಸಂತೆಯ ದಿನ, ಬೇಕೆಂದೇ. ಸುಳ್ಳು ಹೇಳಿದ್ದು ಜನರ ಮುಂದೆ, ನಿಜವನ್ನು ಮೂಲೆಗೆ ಕರೆದು ಪಿಸುಗುಟ್ಟುವುದು ಹೇಡಿತನ. ಪೈಪು ಕೊಳ್ಳಲು ಬಂದ ರೈತರು ತುಂಬಿದ್ದರು. ಕೊಟ್ರೇಶಣ್ಣ ಪೈಪಿನ ಸುರುಳಿ ಬಿಚ್ಚುತ್ತಿದ್ದ. ನಿಂತಲ್ಲೇ ಎಲ್ಲವನ್ನೂ ಹೇಳಿದೆ — ಊದಿನಕಡ್ಡಿ, ಪದರಗಳು, ಚೀಲದಲ್ಲಿದ್ದ ಡಿಸ್ಕ್, ಫೋನಿನಲ್ಲಿ ಹೇಳಿದ ಮಾತು. ರೈತರಿಗೆ ಏನೂ ಅರ್ಥವಾಗದಿದ್ದರೂ, ಯಾರೋ ಒಬ್ಬಳು ಏನೋ ಒಪ್ಪಿಕೊಳ್ಳುತ್ತಿದ್ದಾಳೆಂದು ತಿಳಿದು ಮಾತು ನಿಲ್ಲಿಸಿದರು.

ಅವನು ಸುರುಳಿಯನ್ನು ಕೆಳಗಿಟ್ಟ.

"ನಾ ವಾಪಸ್ ತಂದ್ನಲ್ಲ. ಅವೂ ಚಲೋ ಇದ್ವೇನು?"

"ಎಲ್ಲಾ ಚಲೋ ಇದ್ವಣ್ಣ."

"ಎಲ್ಲಾ?"

"ಎಲ್ಲಾ."

ಬೈಯುತ್ತಾನೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಜೇಬಿನಿಂದ ಫೋನ್ ತೆಗೆದು ಹೆಂಡತಿಗೆ ಮಾಡಿದ. "ಏ, ಕೇಳಿಲ್ಲಿ. ನಮ್ಮ ಸಾಮಾನು ಕೆಟ್ಟಿದ್ದಿಲ್ಲಂತ. ಒಂದೂ ಕೆಟ್ಟಿದ್ದಿಲ್ಲಂತ!" ಅಂಗಡಿಯೆಲ್ಲ ಕೇಳುವಷ್ಟು ಜೋರಾಗಿ ಹೇಳಿದ. ಅವನ ಮುಖ ನೋಡಿದೆ. ಹೆಮ್ಮೆ ಎಂದರೆ ನನಗೆ ಗೊತ್ತು ಎಂದುಕೊಂಡಿದ್ದೆ. ಆವತ್ತು ಮೊದಲ ಸಲ ಅದನ್ನು ಕಂಡೆ. ಅಂಥವನು ನನ್ನನ್ನು ತಂಗಿ ಎಂದಿದ್ದ ಎಂಬುದೇ ಈಗ ನನಗಿರುವ ದೊಡ್ಡ ಹೆಮ್ಮೆ, ಅದಕ್ಕೆ ನಾನು ತಕ್ಕವಳಲ್ಲದಿದ್ದರೂ.

ಫೋನ್ ಇಟ್ಟು ನನ್ನ ಕಡೆ ತಿರುಗಿದ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

"ನನಗ ಹೇಳಿದ್ದಾತು. ನಾ ಹೋದ ಮನಿಗಳಿಗೆ ಯಾರು ಹೇಳ್ತಾರ?" ಎಂದ.

"ನಾನ ಹೋಗ್ತೀನಣ್ಣ" ಎಂದೆ.

ಮೊದಲು ಕೊಟ್ಟೂರಿಗೆ ಹೋಗಿ ಪಂಪಣ್ಣನಿಗೆ ಹೇಳಿದೆ. ಅವನು ಯಂತ್ರದ ಮುಂದಿನ ಊದಿನಕಡ್ಡಿಯ ಸ್ಟ್ಯಾಂಡನ್ನೇ ನೋಡಿ, "ಎಲ್ಲಾರ ಮುಂದ ಅವ ನನಗ ಕೈ ಮುಗದ ಹೋದ್ನಲ್ರಿ ಮೇಡಂ" ಎಂದ.

ನಿನ್ನೆ ಹೊಸಹಳ್ಳಿಗೆ ಹೋಗಿದ್ದೆ. ಅಲ್ಲೊಬ್ಬರು ನಿವೃತ್ತ ಮೇಷ್ಟ್ರು, ಕೊಟ್ರೇಶಣ್ಣನಿಂದ ಡಿಸ್ಕ್ ಕೊಂಡಿದ್ದವರು. ಕಟ್ಟೆಯ ಮೇಲೆ ಕೂರಿಸಿ, ಪೂರ್ತಿ ಕೇಳಿ, ತಲೆಯಾಡಿಸಿದರು.

"ನಮಗ ಆವಾಗ ಗೊತ್ತಿತ್ತಮ್ಮ, ಡಿಸ್ಕ್ ಚಲೋ ನಡೀತಿತ್ತು. ಬಿಚ್ಚಬ್ಯಾಡಪ್ಪ ಅಂದ್ವಿ. ಅವ ಕೇಳ್ಲಿಲ್ಲ. 'ನಮ್ಮ ತಂಗಿ ಹೇಳ್ಯಾಳ್ರಿ, ಆಕಿ ಸುಳ್ಳು ಹೇಳಾಕಿ ಅಲ್ಲ' ಅಂತ ಬಿಚ್ಕೊಂಡು ಹೋದ."

ಮೇಷ್ಟ್ರ ಹೆಂಡತಿ ಚಹಾ ತಂದರು. ಕುಡಿದೆ. ಇನ್ನೂ ಎಷ್ಟೋ ಮನೆಗಳಿವೆ. ಕೆಲವು ನನಗೆ ಸಿಗಲಿಕ್ಕಿಲ್ಲ, ಅವರಿಗೆಂದೇ ಇದನ್ನು ಬರೆದದ್ದು. ನಾಳೆ ಬೆಳಗಿನ ಬಸ್ಸಿಗೆ ತೆಲಿಗಿಗೆ ಹೋಗುತ್ತೇನೆ.